ಎಂಜಿನ್ನಿನ ಬೇರಿಂಗ್ ಏಕೆ ಸವೆಯುತ್ತದೆ?

ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಪ್ರಯಾಣಕ್ಕೆ ಹೊರಡುವವರು ವಿರಳ. ಒಣ ಲೋಹದ ಮೇಲೆ ಲೋಹ ಉಜ್ಜಿದರೆ ಎರಡೂ ಸವೆಯುತ್ತವೆಂಬುದನ್ನು ರೈತನು ಗಾಲಿಯ ಕಿರುಗುಟ್ಟುವ ಸದ್ದಿನಿಂದಲೇ ಅರಿಯುತ್ತಿದ್ದನು. ಇಂದು ಯಾದಗಿರಿ, ಶಹಾಪುರ, ಸುರಪುರಗಳ ಕಪ್ಪು ನೆಲದಲ್ಲಿ ಬಂಡಿಯ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿದೆ. ಬಂಡಿಯ ಅಚ್ಚಿನಲ್ಲಿದ್ದ ಸಮಸ್ಯೆಯೇ ಅದರ ಎಂಜಿನ್ನಿನ ಒಡಲಿನಲ್ಲಿ ಇನ್ನಷ್ಟು ತೀವ್ರವಾಗಿ ಕಾಣಿಸಿಕೊಳ್ಳುತ್ತದೆ.

ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಕನೆಕ್ಟಿಂಗ್ ರಾಡ್ ಎಂಬ ಉಕ್ಕಿನ ದಂಡವು ಆ ಚಲನೆಯನ್ನು ಕ್ರ್ಯಾಂಕ್ ದಂಡಕ್ಕೆ ಮುಟ್ಟಿಸಿ ಅದನ್ನು ತಿರುಗಿಸುತ್ತದೆ. ಸೈಕಲ್ ತುಳಿಯುವಾಗ ನಮ್ಮ ಕಾಲು ಮಾಡುವ ಕೆಲಸವೂ ಇದೇ. ರಾಡಿನ ಕೆಳತುದಿಯು ಕ್ರ್ಯಾಂಕಿನ ದುಂಡನೆಯ ಪಿನ್ನನ್ನು ಸುತ್ತುವರಿಯುವೆಡೆಯಲ್ಲಿ, ಅರ್ಧವೃತ್ತಾಕಾರವಾಗಿ ಬಾಗಿದ ಎರಡು ಲೋಹದ ತಗಡುಗಳಿರುತ್ತವೆ. ಇವೇ ರಾಡ್ ಬೇರಿಂಗುಗಳು. ಸೈಕಲ್ಲಿನ ಬೇರಿಂಗಿನಲ್ಲಿರುವಂತೆ ಇವುಗಳಲ್ಲಿ ಉಕ್ಕಿನ ಗುಂಡುಗಳಿಲ್ಲ. ಪಿನ್ನಿನ ವ್ಯಾಸ 50 ಮಿಲಿಮೀಟರ್ ಇದ್ದರೆ, ಅದಕ್ಕೂ ಬೇರಿಂಗಿಗೂ ನಡುವೆ ಬಿಡುವ ತೆರವು ಸುಮಾರು 0.05 ಮಿಲಿಮೀಟರ್, ಸರಿಸುಮಾರು ಒಂದು ತಲೆಗೂದಲಿನ ದಪ್ಪ. ಪಂಪು ಒತ್ತಿ ಕಳುಹಿಸುವ ಎಣ್ಣೆ ಈ ತೆರವನ್ನು ತುಂಬುತ್ತದೆ.

ಇಷ್ಟು ತೆಳುವಾದ ಎಣ್ಣೆ ಎಂಜಿನ್ನಿನ ಭಾರವನ್ನು ಹೊರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತುದು ರೈಲುಗಾಡಿಯ ಅಚ್ಚಿನ ಅಧ್ಯಯನದಿಂದ. 1883ರಲ್ಲಿ ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ಅಂಥ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಅದರ ನೆತ್ತಿಯಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಉಕ್ಕಿ ಬಂದಿತು. ರಂಧ್ರಕ್ಕೆ ಬಡಿದ ಮರದ ಬೆಣೆಯನ್ನೂ ಅದು ಹೊರಕ್ಕೆ ತಳ್ಳಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅವರು ಇದರ ಗಣಿತವನ್ನು ವಿವರಿಸಿದರು. ತಿರುಗುವ ಅಚ್ಚು ತನಗೆ ಅಂಟಿದ ಎಣ್ಣೆಯನ್ನು ಎಳೆದುಕೊಂಡು ಹೋಗುತ್ತದೆ. ಭಾರದಿಂದಾಗಿ ಅಚ್ಚು ಒಂದು ಬದಿಗೆ ಸರಿದಿರುವುದರಿಂದ, ತೆರವು ಬರಬರುತ್ತ ಕಿರಿದಾಗಿ ಬೆಣೆಯ ಆಕಾರ ತಾಳುತ್ತದೆ. ಕಿರಿದಾದ ಎಡೆಗೆ ನುಗ್ಗುವ ಎಣ್ಣೆಯ ಒತ್ತಡ ಏರಿ, ಅದು ಅಚ್ಚನ್ನು ಎತ್ತಿ ಹಿಡಿಯುತ್ತದೆ. ಆದುದರಿಂದ ಓಡುತ್ತಿರುವ ಎಂಜಿನ್ನಿನಲ್ಲಿ ಪಿನ್ನು ಬೇರಿಂಗನ್ನು ಮುಟ್ಟುವುದು ಅಪರೂಪ. ಆದರೆ ನಿಂತ ಎಂಜಿನ್ನನ್ನು ಚಾಲೂ ಮಾಡುವ ಕ್ಷಣದಲ್ಲಿ ಈ ಪೊರೆ ಇನ್ನೂ ಏರ್ಪಟ್ಟಿರುವುದಿಲ್ಲ. ಆಗ ಅದರ ಸ್ಥಿತಿ ಬಂಡಿಯ ಅಚ್ಚಿನ ಸ್ಥಿತಿಯೇ.

ಅಂಥ ಕ್ಷಣಗಳಿಗಾಗಿಯೇ ಬೇರಿಂಗನ್ನು ಮೃದು ಲೋಹದಿಂದ ಮಾಡುತ್ತಾರೆ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಅವರು ಬೇರಿಂಗಿಗೆ ಮೃದುವಾದ ಮಿಶ್ರಲೋಹದ ಒಳಪದರ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಬೇರಿಂಗಿನಲ್ಲಿ ಬೆನ್ನಿಗೆ ಉಕ್ಕು, ಅದರ ಮೇಲೆ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಮಿಶ್ರಲೋಹ, ಅನೇಕ ವೇಳೆ ಅದಕ್ಕೂ ಮೇಲೆ ಇನ್ನೊಂದು ತೆಳು ಲೇಪ ಇರುತ್ತವೆ. ಎಣ್ಣೆಯಲ್ಲಿ ಬಂದ ಧೂಳಿನ ಸಣ್ಣ ಕಣ ಈ ಮೃದು ಪದರದಲ್ಲಿ ಹೂತುಹೋಗುತ್ತದೆ, ಪಿನ್ನನ್ನು ಗೀರುವುದಿಲ್ಲ. ಬೆಲೆಬಾಳುವ ಕ್ರ್ಯಾಂಕ್ ದಂಡವನ್ನು ಉಳಿಸಲು ಅಗ್ಗದ ಬೇರಿಂಗ್ ತಾನು ಸವೆಯುತ್ತದೆ.

ಸವೆತದ ಪ್ರಮಾಣ ವೇಗವನ್ನು ಬಹುವಾಗಿ ಅವಲಂಬಿಸಿದೆ. ಪಿಸ್ಟನ್ ಮತ್ತು ಅದರೊಡನೆ ಚಲಿಸುವ ಭಾಗಗಳ ದ್ರವ್ಯರಾಶಿ ಅರ್ಧ ಕಿಲೋಗ್ರಾಂ, ಕ್ರ್ಯಾಂಕಿನ ತ್ರಿಜ್ಯ 4.5 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಪಿಸ್ಟನ್ನನ್ನು ತಡೆದು ಹಿಂದಿರುಗಿಸಲು ಬೇಕಾದ ಬಲ ಸುಮಾರು 100 ಕಿಲೋಗ್ರಾಂ ತೂಕದಷ್ಟು. ಈ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 8,000 ಸುತ್ತುಗಳಲ್ಲಿ ಅದು ಹದಿನಾರು ಪಟ್ಟಾಗಿ 1,600 ಕಿಲೋಗ್ರಾಮಿಗೆ ಏರುತ್ತದೆ. ಸುಮಾರು 8,000 ಸುತ್ತುಗಳವರೆಗೆ ಓಡಬಲ್ಲ ಬಿ.ಎಂ.ಡಬ್ಲ್ಯು. ಎಂ3 ಎಂಬ ಸ್ಪೋರ್ಟ್ಸ್ ಕಾರಿನ 2001ರಿಂದ 2003ರವರೆಗಿನ ಅನೇಕ ವಾಹನಗಳನ್ನು ತಯಾರಕರೇ ಹಿಂದಕ್ಕೆ ಕರೆಸಿ ರಾಡ್ ಬೇರಿಂಗುಗಳನ್ನು ಬದಲಿಸಿಕೊಡಬೇಕಾಯಿತು. ಟ್ರ್ಯಾಕ್ಟರಿನ ವೇಗ ಕಡಿಮೆ. ಆದರೆ ಅದಕ್ಕೆ ದಿನವಿಡೀ ಭಾರ ಎಳೆಯುವ ದುಡಿಮೆ, ಬೇಸಗೆಯ ಧೂಳು, ಕಾಲಕ್ಕೆ ಸರಿಯಾಗಿ ಬದಲಿಸದ ಎಣ್ಣೆ ಶತ್ರುಗಳು.

ಬೇರಿಂಗ್ ಸವೆದಂತೆ ತೆರವು ಹಿಗ್ಗುತ್ತದೆ. ಒಂದೇ ಒತ್ತಡದಲ್ಲಿ ಕಿರಿದಾದ ಸಂದಿನ ಮೂಲಕ ಸೋರುವ ಎಣ್ಣೆಯ ಪ್ರಮಾಣ ತೆರವಿನ ಘನಕ್ಕೆ ಅನುಪಾತದಲ್ಲಿರುತ್ತದೆ; ತೆರವು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು! ಪಂಪಿಗೆ ಅಷ್ಟು ಎಣ್ಣೆ ಒದಗಿಸಲಾಗದೆ ಒತ್ತಡ ಕುಸಿಯುತ್ತದೆ. ಆಗ ಪಿನ್ನು ಬೇರಿಂಗಿಗೆ ಬಡಿದು ಎಂಜಿನ್ನಿನ ಒಡಲಿನಿಂದ ‘ಟಕ್ ಟಕ್’ ಎಂಬ ಗಡುಸಾದ ಸದ್ದು ಕೇಳತೊಡಗುತ್ತದೆ. ಅದನ್ನು ಕೇಳಿಯೂ ಓಡಿಸಿದರೆ ಬೇರಿಂಗ್ ಕರಗಿ ಪಿನ್ನಿಗೆ ಅಂಟಬಹುದು. ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಸೀಳಬಹುದು.

ಬೇರಿಂಗ್ ಬದಲಿಸುವಾಗ ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಯನ್ನು ಕಳಚಿ, ರಾಡಿನ ಕೆಳಮುಚ್ಚಳಗಳನ್ನು ಗುರುತು ಹಾಕಿಕೊಂಡು ಬಿಚ್ಚುತ್ತಾರೆ. ಒಂದು ರಾಡಿನ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಬಾರದು. ಪಿನ್ನನ್ನು ಮೈಕ್ರೊಮೀಟರಿನಿಂದ ಹಲವೆಡೆ ಅಳೆಯಬೇಕು. ಅದು ದುಂಡಗೆ, ನುಣುಪಾಗಿ ಇದ್ದರೆ ಹೊಸ ಬೇರಿಂಗ್ ಸಾಕು. ಗೀರು ಬಿದ್ದಿದ್ದರೆ 0.25 ಮಿಲಿಮೀಟರಿನಷ್ಟು ಸಾಣೆ ಹಿಡಿಸಿ, ಅದಕ್ಕೆ ಹೊಂದುವ ದಪ್ಪ ಬೇರಿಂಗ್ ಕೂಡಿಸಬೇಕು. ಹೊಸ ತೆರವನ್ನು ಪರೀಕ್ಷಿಸಲು ಪ್ಲಾಸ್ಟಿಕ್ಕಿನ ಒಂದು ತೆಳು ಎಳೆಯನ್ನು ಪಿನ್ನಿನ ಮೇಲಿಟ್ಟು ಮುಚ್ಚಳವನ್ನು ಬಿಗಿಯುತ್ತಾರೆ. ಮತ್ತೆ ಬಿಚ್ಚಿದಾಗ ಆ ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೋ ಅದರಿಂದ ತೆರವು ತಿಳಿಯುತ್ತದೆ. ಮುಚ್ಚಳವನ್ನು ಅರದಿಂದ ಉಜ್ಜಿ ಹಳೆಯ ಬೇರಿಂಗನ್ನೇ ಬಿಗಿಗೊಳಿಸುವ ಅಡ್ಡದಾರಿ ಸಲ್ಲದು. ಅದರಿಂದ ರಂಧ್ರವು ದುಂಡಗಿರದೆ ಅಂಡಾಕಾರವಾಗಿ, ಎಣ್ಣೆಯ ಬೆಣೆ ಕೆಡುತ್ತದೆ.

ಮುಂಗಾರು ಬಿದ್ದು ಬಿತ್ತನೆಯ ಹದ ಬಂದ ದಿನಗಳಲ್ಲಿ ಟ್ರ್ಯಾಕ್ಟರು ನಿಂತರೆ, ದುರಸ್ತಿಯ ವೆಚ್ಚಕ್ಕಿಂತ ಹದ ತಪ್ಪಿದ ನಷ್ಟವೇ ದೊಡ್ಡದು. ಚಾಲೂ ಮಾಡಿದೊಡನೆ ಭಾರ ಎಳೆಸದೆ ಎಣ್ಣೆಗೆ ಒಂದೆರಡು ನಿಮಿಷ ಅವಕಾಶ ಕೊಡುವುದು, ಎಣ್ಣೆಯನ್ನೂ ಅದರ ಶೋಧಕವನ್ನೂ ಕಾಲಕ್ಕೆ ಬದಲಿಸುವುದು, ಒತ್ತಡದ ಮುಳ್ಳಿನ ಮೇಲೆ ಕಣ್ಣಿಡುವುದು, ಇವು ಮೂರೂ ಯಾವ ಚಾಲಕನಿಗೂ ಸಾಧ್ಯವಾದ ಕೆಲಸಗಳು. ಕೂದಲಿನಷ್ಟು ಕಿರಿದಾದ ಆ ತೆರವನ್ನು ಕಾಪಾಡಿಕೊಂಡರೆ ಎಂಜಿನ್ನು ಬಹುಕಾಲ ಬಾಳುತ್ತದೆ.