ವಾಸನೆ ಹೋಯಿತೆಂದು ಇಳಿಯಬೇಡಿ

‘ವಾಸನಿ ಹೋತ್ರೀ ಸರ್, ಅದಕ್ಕ ಇಳದೆ’ ಎಂದ, ನಮ್ಮ ಔಷಧಿ ಕೌಂಟರಿಗೆ ಬಂದ ರಾಯಚೂರಿನ ಹುಡುಗ. ಬದುಕಿದ್ದು ಅದೃಷ್ಟ.

ಹರಿಯುವ ಒಳಚರಂಡಿ ಪೈಪಿನ ಸುತ್ತ ಅಗೆದು, ಬುಡದಲ್ಲಿ ಕಮಾನಿನಂತೆ ತೆರೆದ ರೆಡಿಮೇಡ್ ಕಾಂಕ್ರೀಟ್ ಮ್ಯಾನ್‌ಹೋಲನ್ನು ಕ್ರೇನಿನಿಂದ ಅದರ ಮೇಲೆ ಕೂರಿಸುತ್ತಾರೆ. ನೋಡಲು ನಾಯಿಗೂಡಿನಂತೆ, ಹೆಸರೂ ‘ಡಾಗ್‌ಹೌಸ್’. ತಳದ ಕಾಂಕ್ರೀಟ್ ಗಟ್ಟಿಯಾದ ಮೇಲೆ ಪೈಪಿನ ಮೇಲ್ಭಾಗ ಕತ್ತರಿಸುವುದು. ಅಪಾಯ ಅಲ್ಲೇ: ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ, ಗಾಳಿಗಿಂತ ಭಾರ, ಗುಂಡಿಯಲ್ಲೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ದಾಟಿದರೆ ಮೂಗೇ ಸತ್ತು ವಾಸನೆ ತಿಳಿಯದು. ಮುಖಕ್ಕೆ ಕಟ್ಟಿದ ಬಟ್ಟೆ ಇದನ್ನು ತಡೆಯದು. ನಮ್ಮ ಕಪಾಟಿನಲ್ಲೂ ಇದಕ್ಕೆ ಮಾತ್ರೆಯಿಲ್ಲ.

ಗ್ಯಾಸ್ ಡಿಟೆಕ್ಟರನ್ನು ತಳದವರೆಗೆ ಇಳಿಬಿಟ್ಟು ನೋಡದೆ ಇಳಿಯಬೇಡಿ. ಒಳಗಿದ್ದವನು ಬಿದ್ದರೆ ಹಿಂದೆ ಹಾರಬೇಡಿ. ಬೆಲ್ಟಿನ ಹಗ್ಗ ಹಿಡಿದು ಮೇಲಿನಿಂದಲೇ ಎಳೆಯಿರಿ.