ಮೂಲಚಿತ್ರವನ್ನು ಕಾಪಾಡುವುದು ಹೇಗೆ?

2019ನೆಯ ಇಸವಿ ಡಿಸೆಂಬರ್ 26ರ ಬೆಳಗ್ಗೆ ದಕ್ಷಿಣ ಕರ್ನಾಟಕದ ಕೆಲವು ಎಡೆಗಳಲ್ಲಿ ಕಂಕಣ ಸೂರ್ಯಗ್ರಹಣವು ಗೋಚರಿಸಿತು. ಅದನ್ನು ನೋಡಲೆಂದು ಕೊಡಗಿಗೆ ಹೋಗಿದ್ದ ಈ ಲೇಖಕನು, ಕ್ಯಾಮೆರಾದ ಮುಂದೆ ತಕ್ಕ ಸೌರಶೋಧಕವನ್ನಿರಿಸಿ, ಉಂಗುರವು ಪೂರ್ಣಗೊಂಡ ಕ್ಷಣದ ಚಿತ್ರವೊಂದನ್ನು ತೆಗೆದನು. ಅಂದು ಸಂಜೆ ವಿದ್ಯಾರ್ಥಿಗಳಿಗೆ ಕಳುಹಿಸುವುದಕ್ಕಾಗಿ ಗಣಕಯಂತ್ರದಲ್ಲಿ ಚಿತ್ರದ ಅಳತೆಯನ್ನು ಕುಗ್ಗಿಸಿ, ‘ಸೇವ್’ ಎಂಬ ಗುಂಡಿಯನ್ನು ಒತ್ತಿದುದಾಯಿತು. ಕೆಲವು ದಿನಗಳ ತರುವಾಯ ಕಾಲೇಜಿನ ಗೋಡೆಗೆ ದೊಡ್ಡ ಪ್ರತಿಯನ್ನು ಮುದ್ರಿಸಹೊರಟಾಗ ಉಂಗುರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿತು. ಕುಗ್ಗಿದ ಚಿತ್ರವು ಮೂಲಚಿತ್ರದ ಹೆಸರನ್ನೇ ಧರಿಸಿ ಅದರ ಸ್ಥಾನವನ್ನು ಆಕ್ರಮಿಸಿತ್ತು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಷ್ಟರಲ್ಲಿ ಬರಿದುಮಾಡಿ, ಬೇರೆ ಚಿತ್ರಗಳಿಂದ ತುಂಬಿಯೂ ಆಗಿತ್ತು.

ಫಿಲ್ಮಿನ ಕಾಲದಲ್ಲಿ ಇಂತಹ ಪ್ರಮಾದಕ್ಕೆ ಆಸ್ಪದ ಕಡಮೆ. ಸಂಸ್ಕರಿಸಿದ ನೆಗೆಟಿವ್‌ನ ಮೂಲಕ ಬೆಳಕನ್ನು ಹಾಯಿಸಿ ಕಾಗದದ ಮೇಲೆ ಚಿತ್ರವನ್ನು ಮೂಡಿಸುತ್ತಿದ್ದರು. ಕಾಗದದ ಪ್ರತಿ ಕೆಟ್ಟರೂ ನೆಗೆಟಿವ್ ಕೆಡುತ್ತಿರಲಿಲ್ಲ. ಮೂಲವೂ ಪ್ರತಿಯೂ ಬೇರೆ ಬೇರೆ ವಸ್ತುಗಳಾಗಿದ್ದುದೇ ಇದಕ್ಕೆ ಕಾರಣ. ಅಂಕೀಯ ಚಿತ್ರವಾದರೋ ಬರಿಯ ಅಂಕೆಗಳ ಪಟ್ಟಿ. ಹಳೆಯ ಅಂಕೆಗಳ ಬದಲು ಹೊಸ ಅಂಕೆಗಳನ್ನು ಬರೆದುಬಿಟ್ಟರೆ ಮೂಲವೇ ಇಲ್ಲವಾಗುತ್ತದೆ.

ಕಳೆದುದನ್ನು ಲೆಕ್ಕಮಾಡಿ ಮರಳಿ ಪಡೆಯಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಗಲದಲ್ಲಿ 4000, ಎತ್ತರದಲ್ಲಿ 3000 ಚುಕ್ಕೆಗಳಿರುವ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಅದನ್ನು 800ಕ್ಕೆ 600ರ ಅಳತೆಗೆ ಇಳಿಸಿದರೆ ಉಳಿಯುವುವು 4 ಲಕ್ಷ 80 ಸಾವಿರ ಮಾತ್ರ. ಎಂದರೆ 25 ಚುಕ್ಕೆಗಳಿದ್ದ ಎಡೆಯಲ್ಲಿ ಒಂದು. ಸುಲಭವಾಗಲೆಂದು ನಾಲ್ಕೇ ಚುಕ್ಕೆಗಳನ್ನು ತೆಗೆದುಕೊಳ್ಳೋಣ. ಅವುಗಳ ಹೊಳಪು 120, 130, 140, 150 ಆಗಿದ್ದರೆ ಸರಾಸರಿ 135. ಆದರೆ 100, 110, 160, 170ರ ಸರಾಸರಿಯೂ 135. ಉತ್ತರವೊಂದನ್ನೇ ಕಂಡವನು ಮೊದಲಿದ್ದ ಸಂಖ್ಯೆಗಳು ಯಾವುವೆಂದು ಹೇಗೆ ಹೇಳಬಲ್ಲನು? ಚಿತ್ರವನ್ನು ನುಣುಪಾಗಿ ಹಿಗ್ಗಿಸುವ ಇಂದಿನ ತಂತ್ರಾಂಶಗಳು ಕೂಡ ಅಲ್ಲಿ ಊಹೆಯನ್ನು ತುಂಬುತ್ತವೆ. ಉಂಗುರದ ಒಳಅಂಚಿನ ಸಣ್ಣ ಏರುತಗ್ಗುಗಳು ಚಂದ್ರನ ಬೆಟ್ಟಕಣಿವೆಗಳ ಗುರುತುಗಳು; ಊಹೆಯಿಂದ ಬರೆದ ಬೆಟ್ಟವು ವಿಜ್ಞಾನಕ್ಕೆ ಸಾಕ್ಷ್ಯವಾಗಲಾರದು.

ಅಳತೆಯನ್ನು ಕುಗ್ಗಿಸದಿದ್ದರೂ ನಷ್ಟ ತಪ್ಪದು. ಜೆಪೆಗ್ ಎಂಬ ಪದ್ಧತಿಯು ಚಿತ್ರವನ್ನು 8ಕ್ಕೆ 8 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಸುಲಭವಾಗಿ ತೋರದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಡುತ್ತದೆ. ತೆರೆದು ನೋಡುವುದರಿಂದ ಹಾನಿಯಿಲ್ಲ. ತಿದ್ದಿ ಪುನಃ ಉಳಿಸಿದಾಗ ಮತ್ತಷ್ಟು ವಿವರವು ನಷ್ಟವಾಗಬಹುದು.

ಆದುದರಿಂದ ಫಿಲ್ಮು ತಾನಾಗಿಯೇ ಒದಗಿಸುತ್ತಿದ್ದ ರಕ್ಷಣೆಯನ್ನು ಈಗ ನಾವು ನಿಯಮದಿಂದ ಒದಗಿಸಬೇಕು. ಚಿತ್ರಗಳನ್ನು ಮೊದಲು ‘ಮೂಲ’ವೆಂಬ ಫೋಲ್ಡರಿಗೆ ಸೇರಿಸಿ, ಪ್ರತಿಯೊಂದು ಫೈಲನ್ನೂ ‘ಓದಲು ಮಾತ್ರ’ ಎಂದು ಗುರುತುಮಾಡಿರಿ. ತಿದ್ದುವುದಕ್ಕೆ ಮುಂಚೆಯೇ ನಕಲನ್ನು ‘ಕೆಲಸ’ವೆಂಬ ಬೇರೊಂದು ಫೋಲ್ಡರಿಗೆ ಒಯ್ದು, ಅದಕ್ಕೆ ಹೊಸ ಹೆಸರನ್ನಿಡಿರಿ. ಕೆಲಸವು ಮುಗಿದ ಮೇಲೆ ಹೆಸರು ಬದಲಿಸಿದರಾಯಿತೆಂಬ ನೆಚ್ಚಿಕೆ ಬೇಡ. ದಣಿದ ಕೈ ರೂಢಿಯಂತೆ ‘ಸೇವ್’ ಗುಂಡಿಯನ್ನೇ ಒತ್ತುತ್ತದೆ. ಇನ್ನೊಂದು ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿರಿಸಿ, ಅದನ್ನು ಗಣಕದಿಂದ ಬಿಡಿಸಿಡಿರಿ. ತಾನಾಗಿಯೇ ಸರಿಹೊಂದಿಸಿಕೊಳ್ಳುವ ಸಂಗ್ರಹವೊಂದನ್ನೇ ನೆಚ್ಚಿದರೆ, ಇಲ್ಲಿ ಆದ ತಪ್ಪು ಅಲ್ಲಿಗೂ ಹರಿದೀತು. ಆ ಎರಡನೆಯ ಪ್ರತಿಯನ್ನು ತೆರೆದು ನೋಡಿದ ಬಳಿಕವೇ ಮೆಮೊರಿ ಕಾರ್ಡನ್ನು ಅಳಿಸತಕ್ಕದ್ದು.

2031ರ ಮೇ 21ರಂದು ಕೇರಳ ಮತ್ತು ತಮಿಳುನಾಡುಗಳ ಕೆಲವೆಡೆ ಮತ್ತೊಂದು ಕಂಕಣಗ್ರಹಣವು ಕಾಣಿಸಲಿದೆ. ಅದರ ಚಿತ್ರವನ್ನು ತೆಗೆಯಲು ಹೋಗುವ ವಿದ್ಯಾರ್ಥಿಗಳು ಸೌರಶೋಧಕದೊಡನೆ ಖಾಲಿ ಡಿಸ್ಕೊಂದನ್ನೂ ಕೊಂಡೊಯ್ಯುವುದು ಒಳ್ಳೆಯದು. ಕಾಲೇಜಿನ ಗೋಡೆಯ ಮೇಲೆ 2019ರ ಉಂಗುರಕ್ಕೆಂದು ಬಿಟ್ಟ ಜಾಗವು ಇಂದಿಗೂ ಖಾಲಿಯಾಗಿದೆ.