ತಪ್ಪನ್ನು ಹುಡುಕುವ ಗಣಕ

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೇಲೆದ್ದ ಏರಿಯಾನ್ 5 ರಾಕೆಟ್ಟು, 40 ಸೆಕೆಂಡು ತುಂಬುವ ಮೊದಲೇ ದಾರಿತಪ್ಪಿ ಸಿಡಿದು ಚೂರಾದುದಕ್ಕೆ ಕಾರಣವಾದದ್ದು, 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 32,767ಕ್ಕಿಂತ ಹೆಚ್ಚಿನದನ್ನು ಹಿಡಿಯಲಾರದ 16 ಬಿಟ್‌ಗಳ ಪಾತ್ರೆಗೆ ಸುರಿಯಹೊರಟ ಸಣ್ಣದೊಂದು ಲೆಕ್ಕ. ಏರಿಯಾನ್ 4ರಲ್ಲಿ ಎಂದೂ ತುಂಬಿ ಹರಿಯದಿದ್ದ ಆ ಪಾತ್ರೆ ಹೊಸ ರಾಕೆಟ್ಟಿನ ವೇಗಕ್ಕೆ ತುಳುಕಿತು. ಹೊಸ ಪಥದ ಅಂಕಿಗಳನ್ನು ಆ ಲೆಕ್ಕ ಮಾಡುತ್ತಿದ್ದ ಉಪಕರಣಕ್ಕೆ ಮುಂಚಿತವಾಗಿ ಉಣಿಸಿ ನೋಡಿದವರಿರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಇಂತಹ ಪ್ರಮಾದಗಳನ್ನು ಮೊದಲೇ ಕಂಡುಹಿಡಿಯುವುದಕ್ಕಾಗಿ, ಕಾರಿನ ಬ್ರೇಕು, ವಿಮಾನದ ಚಾಲನೆ ಮೊದಲಾದವನ್ನು ಆಳುವ ಪುಟ್ಟ ಗಣಕಗಳ ವರ್ತನೆಯನ್ನು ಗಣಿತದ ಮಾದರಿಯಾಗಿ ರಚಿಸಿ, ಆ ಮಾದರಿಯ ಒಂದೊಂದು ಕವಲನ್ನೂ ಮುಟ್ಟಬಲ್ಲ ಅಂಕಿಗಳನ್ನು ಇನ್ನೊಂದು ತಂತ್ರಾಂಶವೇ ಹುಡುಕಿ ತರುವ ವಿಧಾನ ಬೆಳೆದುಬಂದಿದೆ. ‘ಈ ಸಂಖ್ಯೆ 32,767ನ್ನು ಎಂದಾದರೂ ಮೀರಬಲ್ಲುದೇ?’ ಎಂದು ಕೇಳಿದರೆ, ಸಮೀಕರಣಗಳನ್ನು ಬಿಡಿಸಿ, ಮೀರಿಸುವ ವೇಗವನ್ನೇ ಅದು ಮುಂದಿಡುತ್ತದೆ. ಮಾದರಿಯಲ್ಲಿ ‘ಹೆಚ್ಚು’ ಎಂಬಲ್ಲಿ ‘ಕಡಿಮೆ’ ಎಂದು ಬೇಕೆಂದೇ ತಪ್ಪನ್ನು ನೆಟ್ಟು, ಅದನ್ನು ಬಯಲಿಗೆಳೆಯಲಾರದ ಪರೀಕ್ಷೆಗಳನ್ನು ದುರ್ಬಲವೆಂದು ಎಣಿಸುವುದೂ ಉಂಟು. ಇದು ನನಗೆ ಬಹಳ ಮೆಚ್ಚುಗೆಯಾದ ಉಪಾಯ. ಆದರೆ ಮಾದರಿಯಲ್ಲಿ ಬರೆಯದೆ ಬಿಟ್ಟ ಸನ್ನಿವೇಶವನ್ನು ಈ ತಂತ್ರಾಂಶ ಕಾಣಲಾರದು; ಹೊಸ ಪಥದ ವಿವರವನ್ನು ಅದಕ್ಕೆ ಒಪ್ಪಿಸಬೇಕಾದವರು ಎಂಜಿನಿಯರುಗಳೇ.